ದೊಡ್ಡ ಮಿಸ್ಸಿನ ಹಸ್ತಾರ್ಪಣೆ

ದೊಡ್ಡ ಮಿಸ್ಸು ತೀರಿಕೊಂಡರು ಎಂದು ಕುಣಿಗಲ್ಲಿನಿಂದ ಫೋನು ಬಂದಾಗ ನಾನು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತ ಕೂತಿದ್ದೆ. ಮೊರ ಪಕ್ಕಕ್ಕಿಟ್ಟು ಅಪ್ಪನ ಹತ್ತಿರ ಹೋಗಿ ವಿಷಯ ಹೇಳಿದೆ. ಅಪ್ಪ, ಆ ಲೂನಾ ಗಾಡೀನ ಯಾರಿಗೆ ಬಿಟ್ಟುಹೋದರಂತೆ ಎಂದು ಕೇಳಿದರು. ಸಾವಿನ ಸುದ್ದಿಗೆ ನಗಬಾರದು. ಆದರೆ ನನಗೂ ನಗು ಬಂತು, ಅಪ್ಪನಿಗೂ ಬಂತು. ಅವರನ್ನು ನೆನೆದು ಅತ್ತವರು ಗುಬ್ಬಿಯಲ್ಲಿ ಎಷ್ಟು ಮಂದಿಯೋ ತಿಳಿಯದು, ನಕ್ಕವರೇ ಹೆಚ್ಚಿರಬೇಕು.

ಅವರನ್ನು ನಾನು ಮೊದಲು ನೋಡಿದ್ದು ನಮ್ಮೂರು ನಿಟ್ಟೂರಿನ ಹಿಟ್ಟಿನ ಗಿರಣಿಯಲ್ಲಿ. ತೊಂಬತ್ತರ ದಶಕದ ಮಾತು. ಗುಬ್ಬಿಯಲ್ಲಿ ಚರ್ಚಿನವರು ನಡೆಸುತ್ತಿದ್ದ ಸಣ್ಣ ಹೈಸ್ಕೂಲಿಗೆ ಸೇರಿದ ಹುಡುಗಿಯರ ಹಾಸ್ಟೆಲೊಂದಿತ್ತು. ಅವರು ಅದರ ವಾರ್ಡನ್. ಹಾಸ್ಟೆಲಿಗೆ ಬೇಕಾದ ರಾಗಿಯನ್ನು ನಮ್ಮೂರಿನಲ್ಲಿ ಕೊಂಡು, ಇಲ್ಲೇ ಬೀಸಿಸಿ, ಹಿಟ್ಟಿನ ಮೂಟೆಯನ್ನು ಲೂನಾದ ಮೇಲೆ ಕಾಲ ಬಳಿ ನಿಲ್ಲಿಸಿಕೊಂಡು ಹೋಗುತ್ತಿದ್ದರು. ಅವತ್ತು ಹೋಗಿದ್ದ ಕರೆಂಟು ದಿಢೀರನೆ ಬಂದು, ಗಿರಣಿ ತಿರುಗಿ, ಹಿಟ್ಟು ಬೀಳುವ ಬಾಯಿಗೆ ಕಟ್ಟಿದ್ದ ಬಟ್ಟೆ ಕಳಚಿಕೊಂಡಿತು. ಎದುರಿಗೆ ನಿಂತಿದ್ದ ಅವರ ತಲೆ, ಮುಖ, ಸೀರೆ ಎಲ್ಲ ಹಿಟ್ಟು. ನನ್ನ ಜೊತೆಗಿದ್ದ ಅಮ್ಮ ಪಾಪ ಅಂದುಕೊಂಡು, ಬನ್ನಿ ಅಜ್ಜಿ ಕೂತ್ಕಳಿ ಎಂದು ಕೈಹಿಡಿದು ಕಲ್ಲುಬೆಂಚಿನ ಮೇಲೆ ಕೂರಿಸಿದರು. ಅವರು ಸೆರಗಿನಿಂದ ಮುಖ ಒರೆಸಿಕೊಂಡಾಗ ಆ ಹಿಟ್ಟಿನೊಳಗಿಂದ ನಲವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸೊಬ್ಬರು ಹೊರಬಂದರು. ಗಿರಣಿಯ ಸದ್ದನ್ನೂ ಮೀರಿಸುವ ಹಾಗೆ ನಕ್ಕು, ಇನ್ನು ಮೂವತ್ತು ವರ್ಷ ಆದಮೇಲೆ ಹೆಂಗೆ ಕಾಣ್ತೀನಿ ಅಂತ ಇವತ್ತೇ ತೋರಿಸಿಬಿಟ್ಟ ದೇವರು ಎಂದರು.

ಮುಂದಿನ ಜೂನ್‌ನಲ್ಲಿ ನಾನು ಅದೇ ಶಾಲೆಗೆ ಲೆಕ್ಕದ ಟೀಚರಾಗಿ ಸೇರಿದೆ. ಅವರು ಚರಿತ್ರೆ ಪಾಠ ಮಾಡುತ್ತಿದ್ದರು. ಶಾಲೆಗೆ ಹೆಡ್‌ಮಾಸ್ಟರೊಬ್ಬರು ಇದ್ದರು, ಆದರೆ ಊರಿನವರು ಏನೇ ಕೇಳಬೇಕಾದರೂ ದೊಡ್ಡ ಮಿಸ್ಸು ಇದಾರಾ ಎಂದೇ ಗೇಟಿನ ಒಳಗೆ ಬರುತ್ತಿದ್ದರು. ಎತ್ತರದ ಆಳು. ಕಾಟನ್ ಸೀರೆ, ಕಾಲಿಗೆ ಗಂಡಸರ ಚಪ್ಪಲಿ, ಕೈಯಲ್ಲಿ ಯಾವಾಗಲೂ ಯಾವುದಾದರೊಂದು ತಿಂಡಿ. ಸ್ಟಾಫ್ ರೂಮಿನಲ್ಲಿ ಅವರ ಎದುರು ಕೂತವರ ತೂಕ ವರ್ಷಕ್ಕಿಷ್ಟು ಏರುತ್ತಿತ್ತು.

ಅವರು ಬೆಂಗಳೂರಿನಲ್ಲಿ ದೇವಶಾಸ್ತ್ರ ಓದಿದ್ದವರು ಎಂದು ನನಗೆ ಗೊತ್ತಾದದ್ದು ಸ್ವಲ್ಪ ತಡವಾಗಿ. ಕ್ರೈಸ್ತರ ಮೊದಲ ಕಾಲದ ಚರಿತ್ರೆಯಲ್ಲಿ ಅವರಿಗೆ ವಿಶೇಷ ಆಸಕ್ತಿ. ಅವರ ಜೊತೆ ಓದಿದ ಗಂಡಸರೆಲ್ಲ ಒಬ್ಬೊಬ್ಬರಾಗಿ ಅಯ್ಯನವರಾದರು. ನಮ್ಮ ಕಡೆ ಚರ್ಚಿನ ಪಾದ್ರಿಗಳನ್ನು ಹಾಗೆ ಕರೆಯುವುದು ರೂಢಿ. ಹೆಂಗಸರಿಗೂ ಆ ಹುದ್ದೆ ಕೊಡಬಹುದು ಎಂದು ಅವರ ಚರ್ಚಿನ ಸಭೆಯ ನಿಯಮವೇನೋ ಬಂದಿತ್ತಂತೆ, ಆದರೆ ನಮ್ಮ ಸುತ್ತಿನಲ್ಲಿ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅಯ್ಯನವರಾಗಬೇಕಾದರೆ ಬಿಷಪ್ಪರೂ ಉಳಿದ ಪಾದ್ರಿಗಳೂ ಸುತ್ತ ನಿಂತು ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಬೇಕು. ಅದಕ್ಕೆ ಹಸ್ತಾರ್ಪಣೆ ಎನ್ನುತ್ತಾರೆ. ಆ ಕೈ ಇವರ ತಲೆಯ ತನಕ ಬಂದಿರಲಿಲ್ಲ, ಅಷ್ಟೇ. ಈ ಬಗ್ಗೆ ಕೇಳಿದರೆ ಅವರು, ಅವರಿಗೆ ಬಿಳಿ ನಿಲುವಂಗಿ ಸಿಕ್ಕಿತು, ನನಗೆ ಸೌಟು ಸಿಕ್ಕಿತು ಎಂದು ಹೇಳಿ ಮಾತು ಮುಗಿಸುತ್ತಿದ್ದರು.

ಸೌಟಿನ ಕತೆಯನ್ನು ಹೇಳಲೇಬೇಕು. ನಾನು ಸೇರಿದ ವರ್ಷವೇ ಹಾಸ್ಟೆಲಿನಲ್ಲಿ ಸಾರಿನ ಜಗಳ ಎದ್ದಿತು. ಬಡಿಸುವ ಹುಡುಗಿಯರು ತಮ್ಮ ಕಡೆಯವರಿಗೆ ಸೌಟನ್ನು ತಳದಿಂದ ಎತ್ತಿ ಕಾಳು ಹಾಕುತ್ತಾರೆ, ಉಳಿದವರಿಗೆ ಮೇಲಿನ ತಿಳಿ ಬಿಡುತ್ತಾರೆ ಎಂಬುದು ದೂರು. ಬಡಿಸುವವರೆಲ್ಲ ಗುಬ್ಬಿ ಸುತ್ತಿನವರು, ದೂರು ಹೇಳುವವರೆಲ್ಲ ಕುಣಿಗಲ್ ಕಡೆಯವರು. ಒಂದು ಮಧ್ಯಾಹ್ನ ಅರ್ಧ ಹಾಸ್ಟೆಲು ತಟ್ಟೆ ಬೋರಲು ಹಾಕಿ ಕೂತುಬಿಟ್ಟಿತು. ಮುದ್ದೆ ಆರುತ್ತಿತ್ತು. ಅಡುಗೆಯವರು ಗಾಬರಿಯಾಗಿ ಓಡಿಬಂದರು. ದೊಡ್ಡ ಮಿಸ್ಸು ಬೈಯುತ್ತಾರೆ ಎಂದು ನಾನೂ ಹಿಂದೆಯೇ ಹೋದೆ. ಅವರು ಬೈಯಲಿಲ್ಲ. ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಮ್ಮ ತಟ್ಟೆಯನ್ನೂ ಬೋರಲು ಹಾಕಿ, ಕತೆ ಶುರುಮಾಡಿದರು.

ಯೇಸು ಹೋದ ಹೊಸದರಲ್ಲಿ ಯೆರೂಸಲೇಮಿನಲ್ಲಿ ಅವನ ಶಿಷ್ಯರೆಲ್ಲ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದರಂತೆ. ಅಲ್ಲೂ ಇದೇ ಜಗಳ ಬಂತು. ಊರಿನ ಭಾಷೆ ಆಡುವ ವಿಧವೆಯರಿಗೆ ಸರಿಯಾಗಿ ಬಡಿಸುತ್ತಾರೆ, ಹೊರಗಿನಿಂದ ಬಂದು ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಎಂದು. ದೊಡ್ಡ ದೊಡ್ಡ ಶಿಷ್ಯರು ಸಭೆ ಸೇರಿಸಿ, ಬಡಿಸುವ ಕೆಲಸಕ್ಕೆ ಏಳು ಜನರನ್ನು ನೀವೇ ಆರಿಸಿ ಎಂದರು. ಜನ ಆರಿಸಿದ ಏಳು ಜನರ ಹೆಸರು ನೋಡಿದರೆ ಎಲ್ಲವೂ ಗ್ರೀಕ್ ಹೆಸರು. ಅಂದರೆ, ದೂರು ಹೇಳಿದವರ ಕಡೆಯವರ ಕೈಗೇ ಸೌಟು ಕೊಟ್ಟುಬಿಟ್ಟರು. ಕೊಟ್ಟು, ಅವರ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದರು.

"ಪೀಠದ ಮೇಲೆ ಕೂರಿಸೋಕೆ ಅಲ್ಲ ಕಣ್ರೇ ಅವತ್ತು ಕೈ ಇಟ್ಟಿದ್ದು, ಅನ್ನ ಬಡಿಸೋಕೆ. ಈಗ ಹೇಳಿ, ನಿಮ್ಮಲ್ಲಿ ಜಾಸ್ತಿ ಕೂಗಾಡಿದ್ದು ಯಾರು?"

ಎಲ್ಲರೂ ಕುಣಿಗಲ್ ಕಡೆಯ ಒಬ್ಬ ಕಡ್ಡಿಯಂಥ ಹುಡುಗಿಯನ್ನು ತೋರಿಸಿದರು. ದೊಡ್ಡ ಮಿಸ್ಸು ಅವಳನ್ನೂ ಅವಳ ಗೆಳತಿಯನ್ನೂ ಕರೆದು ನಿಲ್ಲಿಸಿ, ಎರಡೂ ತಲೆಗಳ ಮೇಲೆ ಕೈ ಇಟ್ಟು, ಎಲ್ಲರಿಗೂ ತಳದ ಕಾಳು ಸಿಗುವ ಹಾಗೆ ಇವರ ಕೈ ನಡೆಸಪ್ಪಾ ದೇವರೇ ಎಂದು ಪ್ರಾರ್ಥಿಸಿ ಸೌಟು ಕೊಟ್ಟರು. ತಟ್ಟೆಗಳು ಒಂದೊಂದಾಗಿ ಅಂಗಾತವಾದವು. ಆ ಹುಡುಗಿ ಅವತ್ತು ಬಡಿಸಿದ್ದನ್ನು ನೋಡಬೇಕಿತ್ತು. ಎಷ್ಟು ಶ್ರದ್ಧೆಯಿಂದ ಕಾಳು ಹಂಚಿದಳೆಂದರೆ ಕೊನೆಗೆ ಅವಳಿಗೇ ಬರೀ ತಿಳಿ ಉಳಿಯಿತು. ದೊಡ್ಡ ಮಿಸ್ಸು ತಮ್ಮ ತಟ್ಟೆಯ ಕಾಳನ್ನು ಅವಳಿಗೆ ಸುರಿದರು.

ಅಲ್ಲಿಂದ ಮುಂದೆ ಪ್ರತಿ ಜೂನ್‌ನಲ್ಲೂ ಹಾಸ್ಟೆಲಿನಲ್ಲಿ ಇದೊಂದು ಹಬ್ಬವಾಯಿತು. ಬಡಿಸಲು ಆಯ್ಕೆಯಾದವರು ತಲೆಗೆ ಎಣ್ಣೆ ಹಚ್ಚಿ ಹೊಸ ರಿಬ್ಬನ್ ಕಟ್ಟಿಕೊಂಡು ಬಂದು ನಿಲ್ಲುತ್ತಿದ್ದರು. ಅವರಲ್ಲಿ ಕ್ರೈಸ್ತರಿಗಿಂತ ನಮ್ಮಂಥವರ ಮನೆಯ ಮಕ್ಕಳೇ ಹೆಚ್ಚು. ಯಾವ ಮನೆಯವರೂ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ಚರ್ಚಿನವರ ಕಡೆಯಿಂದಲೇ. ಕುಣಿಗಲ್ಲಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಸಭೆಯ ಹಿರಿಯರು, ಬಿಷಪ್ಪರ ಕಮಿಟಿಯಲ್ಲಿ ಅವರ ಮಾತಿಗೆ ತೂಕ ಜಾಸ್ತಿ. ಬಿಳಿ ಪಂಚೆ, ಕಪ್ಪು ಕೋಟು, ಮುಖದಲ್ಲಿ ನಗುವಿಗೆ ಜಾಗವೇ ಇರಲಿಲ್ಲ. ಕೆಟ್ಟವರಲ್ಲ. ಊರಿನ ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದವರು. ಆದರೆ ನಿಯಮ ಎಂದರೆ ನಿಯಮ. ಸಾರಿನ ಸೌಟಿಗೆ ಹಸ್ತಾರ್ಪಣೆ ನಡೆಯುತ್ತಿರುವ ಸುದ್ದಿ ಕೇಳಿ ಅವರು ಗುಬ್ಬಿಗೇ ಬಂದರು. ಸ್ಟಾಫ್ ರೂಮಿನಲ್ಲಿ ಕೋಟಿನ ಗುಂಡಿ ಬಿಚ್ಚದೆ ಕೂತು, ಕೈ ಇಡೋಕೆ ನಿಮಗೆ ಅಧಿಕಾರ ಕೊಟ್ಟವರು ಯಾರಮ್ಮ ಎಂದು ಕೇಳಿದರು.

ದೊಡ್ಡ ಮಿಸ್ಸು ಅವರ ಮುಂದೆ ಕಡಲೆಕಾಯಿಯ ತಟ್ಟೆ ಇಟ್ಟರು. ಮೇಷ್ಟ್ರು ಮುಟ್ಟಲಿಲ್ಲ. ಆಗ ದೊಡ್ಡ ಮಿಸ್ಸು ಮೆಲ್ಲಗೆ ಇನ್ನೊಂದು ಹಳೆಯ ಪ್ರಸಂಗ ತೆಗೆದರು. ಕ್ರೈಸ್ತರನ್ನು ಹಿಡಿದು ಜೈಲಿಗೆ ಹಾಕಿಸುತ್ತಿದ್ದವನೊಬ್ಬ ದಮಸ್ಕಕ್ಕೆ ಹೋಗುವ ದಾರಿಯಲ್ಲಿ ಕಣ್ಣು ಕಳೆದುಕೊಂಡು ಬಿದ್ದ. ಅವನ ಹತ್ತಿರ ಹೋಗಿ ತಲೆಯ ಮೇಲೆ ಕೈ ಇಟ್ಟು, ಅಣ್ಣಾ ಎಂದು ಕರೆದವನು ಪಾದ್ರಿಯೂ ಅಲ್ಲ, ಹಿರಿಯನೂ ಅಲ್ಲ. ಆ ಊರಿನ ಒಬ್ಬ ಸಾಮಾನ್ಯ ಶಿಷ್ಯ. ಇವನು ತನ್ನನ್ನೂ ಹಿಡಿಸಿಯಾನು ಎಂಬ ಭಯ ಅವನಿಗಿತ್ತು, ಆದರೂ ಇಟ್ಟ. ಆ ಕುರುಡನೇ ಮುಂದೆ ಅಷ್ಟು ದೊಡ್ಡ ಬೋಧಕನಾದ. ಅವನಿಗೆ ಕೈ ಇಟ್ಟವನ ಅಧಿಕಾರಪತ್ರ ಯಾರೂ ಕೇಳಲಿಲ್ಲವಲ್ಲ ಮೇಷ್ಟ್ರೇ ಎಂದರು.

ಮೇಷ್ಟ್ರು, ಅದು ದೇವರ ಅಪ್ಪಣೆ, ಇದು ನಿಮ್ಮ ಸ್ವಂತ ಎಂದು ಹೇಳಿ ಎದ್ದುಹೋದರು. ದೊಡ್ಡ ಮಿಸ್ಸು ಕಡಲೆಕಾಯಿ ಬಿಡಿಸುತ್ತ, ಪಾಯಿಂಟು ಸರಿಯಾಗೇ ಇದೆ ಕಣಮ್ಮ ಎಂದು ನನ್ನ ಕಡೆ ನೋಡಿ ತಲೆದೂಗಿದರು. ವಿರೋಧಿಯ ಮಾತಿನಲ್ಲಿ ಹುರುಳಿದ್ದರೆ ಅವರಿಗೆ ಎಲ್ಲಿಲ್ಲದ ಸಂತೋಷ.

ಕೈ ಇಡುವುದೆಂದರೆ ನಿಜವಾಗಿ ಏನು ಎಂದು ನಾನೇ ಒಮ್ಮೆ ಕೇಳಿದ್ದೆ. ಹುಡುಗಿಯೊಬ್ಬಳಿಂದ ಶುರುವಾದದ್ದು ಅದು. ತುಮಕೂರಿನ ಚರ್ಚಿನಲ್ಲಿ ಮಕ್ಕಳಿಗೆ ದೃಢೀಕರಣ ಎಂಬ ಸಂಸ್ಕಾರ ನಡೆಯುತ್ತದೆ, ಅದರಲ್ಲೂ ಬಿಷಪ್ಪರು ತಲೆಯ ಮೇಲೆ ಕೈ ಇಡುತ್ತಾರೆ. ಅದಕ್ಕೆ ಹೊರಟಿದ್ದ ಒಬ್ಬಳು ಹಿಂದಿನ ವಾರವಷ್ಟೇ ಊರಿನ ನಾಟಕದಲ್ಲಿ ಭಸ್ಮಾಸುರನನ್ನು ನೋಡಿ ಬಂದಿದ್ದಳು. ಬಸ್ಸಿನಲ್ಲಿ ದೊಡ್ಡ ಮಿಸ್ಸಿನ ಸೆರಗು ಹಿಡಿದು, "ಮಿಸ್, ಅವ್ರು ಕೈ ಮಡಗಿದ್ರೆ ಏನೂ ಆಗಲ್ವಾ?" ಎಂದು ಕೇಳಿದಳು. ಬಸ್ಸಿನ ಮುಂದಿನ ನಾಲ್ಕು ಸಾಲು ನಕ್ಕಿತು. ದೊಡ್ಡ ಮಿಸ್ಸು ಮಾತ್ರ ನಗದೆ, ಒಳ್ಳೆ ಪ್ರಶ್ನೆ ಎಂದರು. ಕೈಯಲ್ಲಿ ಸುಡೋ ಶಕ್ತಿನೂ ಇರುತ್ತೆ, ಅದಕ್ಕೇ ಕೈ ಇಡೋರು ಮೊದಲು ತಮ್ಮ ತಲೆ ಮುಟ್ಟಿ ನೋಡ್ಕೋಬೇಕು ಎಂದು ಸಮಾಧಾನ ಹೇಳಿದರು. ಆ ಹುಡುಗಿ ಚರ್ಚಿನಲ್ಲಿ ಬಿಷಪ್ಪರ ಮುಂದೆ ಒಂದು ಕಣ್ಣು ತೆರೆದುಕೊಂಡೇ ಮಂಡಿಯೂರಿದಳು.

ವಾಪಸು ಬರುವಾಗ ನಾನು ನನ್ನ ಸಂದೇಹ ಮುಂದಿಟ್ಟೆ. ನಮ್ಮ ಮನೆಗಳಲ್ಲೂ ಇದು ಇದೆಯಲ್ಲ, ಆಣೆ ಇಡುವಾಗ ತಲೆ ಮುಟ್ಟುತ್ತೇವೆ, ಆಶೀರ್ವಾದಕ್ಕೆ ತಲೆ ಮುಟ್ಟುತ್ತೇವೆ, ನಿಮ್ಮದರಲ್ಲಿ ಹೊಸದೇನು ಎಂದು. ಅವರು ಉತ್ತರ ಹೇಳುವ ಬದಲು ಬಸ್ಸಿನ ತಿರುವಿನಲ್ಲಿ ತಮ್ಮ ಅಷ್ಟೂ ಮೈಭಾರವನ್ನು ನನ್ನ ಹೆಗಲ ಮೇಲೆ ಒರಗಿಸಿಬಿಟ್ಟರು. ನಾನು ಕಿಟಕಿಗೆ ಅಂಟಿಕೊಂಡೆ. ಆಮೇಲೆ ಹೇಳಿದರು, ಹಳೆಯ ಹೀಬ್ರೂ ಭಾಷೆಯಲ್ಲಿ ಕೈ ಇಡುವುದಕ್ಕೆ ಬಳಸುವ ಮಾತಿಗೆ ಸುಮ್ಮನೆ ಮುಟ್ಟುವುದು ಎಂಬ ಅರ್ಥವಲ್ಲವಂತೆ, ಒರಗುವುದು, ಭಾರ ಬಿಡುವುದು ಎಂಬ ಅರ್ಥವಂತೆ. ಮೊದಲ ಕಾಲದ ಕ್ರೈಸ್ತರು ಆ ಮಾತನ್ನು ಬಲ್ಲವರ ಮಕ್ಕಳು. ಅಂತಿಯೋಕ್ಯ ಎಂಬ ಊರಿನಲ್ಲಿ ಇಬ್ಬರನ್ನು ದೂರದ ಕೆಲಸಕ್ಕೆ ಕಳಿಸುವಾಗ ಉಪವಾಸವಿದ್ದು ಕೈ ಇಟ್ಟು ಬೀಳ್ಕೊಟ್ಟರಂತೆ. ಆ ಇಬ್ಬರೂ ಆಗಲೇ ಪಳಗಿದವರು, ಅವರಿಗೆ ಹೊಸದಾಗಿ ಕೊಡುವ ವಿದ್ಯೆ ಏನೂ ಇರಲಿಲ್ಲ. "ನಮ್ಮ ಭಾರಾನೂ ಹೊತ್ಕೊಂಡು ಹೋಗಿ, ನಾವು ಇಲ್ಲೇ ಇದ್ರೂ ನಿಮ್ ಜೊತೆ ಇದೀವಿ, ಅಂತ ಕಣಮ್ಮ" ಎಂದರು.

ನಮ್ಮಪ್ಪನಿಗೂ ಅವರಿಗೂ ಸ್ನೇಹ ಬೆಳೆದದ್ದು ಇದೇ ವಿಷಯದಿಂದ. ಅಪ್ಪನಿಗೆ ಕಣ್ಣಿನ ಆಪರೇಷನ್ನು ಮಾಡಿಸಿ ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿಸಿದ್ದೆವು. ಎರಡೂ ಕಣ್ಣಿಗೆ ಕಟ್ಟು. ಅಪ್ಪ ತೋಟ, ತೆಂಗು, ಜಗಳ ಎಲ್ಲವನ್ನೂ ಕಣ್ಣಿನಿಂದಲೇ ನಡೆಸಿದ ಮನುಷ್ಯ, ಆ ಕತ್ತಲಿಗೆ ಮಗುವಿನಂತೆ ಹೆದರಿದ್ದರು. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಊಟ ಬೇಡ ಎನ್ನುತ್ತಿದ್ದರು. ದೊಡ್ಡ ಮಿಸ್ಸು ಕ್ಯಾತ್ಸಂದ್ರದ ಇಡ್ಲಿ ಕಟ್ಟಿಸಿಕೊಂಡು ನೋಡಲು ಬಂದರು. ಏನೂ ಉಪಚಾರದ ಮಾತಾಡದೆ ಮಂಚದ ಪಕ್ಕ ನಿಂತು ಅಪ್ಪನ ತಲೆಯ ಮೇಲೆ ಅಂಗೈ ಒತ್ತಿ ಇಟ್ಟು, ಅಣ್ಣಾ, ನಾನು ಎಂದರು. ಅಪ್ಪ ಯಾರು ಎಂದು ಕೇಳಲಿಲ್ಲ. ಹಾಗೇ ಮಲಗಿದ್ದರು. ಕೈ ಎತ್ತಿದ ಮೇಲೆ ಇಡ್ಲಿ ಕೊಡು ಎಂದರು.

ಕಣ್ಣು ವಾಸಿಯಾದದ್ದು ಡಾಕ್ಟರ ಕೈಗುಣದಿಂದ, ಅದರಲ್ಲಿ ಅನುಮಾನವಿಲ್ಲ. ದೊಡ್ಡ ಮಿಸ್ಸೂ ಅದನ್ನೇ ಹೇಳುತ್ತಿದ್ದರು. ಆದರೆ ಮನೆಗೆ ಬಂದ ಮೇಲೆ ಅಪ್ಪ ಜಗಲಿಯ ಮೇಲೆ ಕೂತು ಅವರಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಸಣ್ಣೋನಾಗಿದ್ದಾಗ ಗುರುಗಳು ದೀಕ್ಷೆ ಕೊಡೋವಾಗ ತಲೆ ಮ್ಯಾಲೆ ಕೈ ಮಡಗಿದ್ರು. ಹಸ್ತಮಸ್ತಕ ಸಂಯೋಗ ಅಂತಾರೆ ನಮ್ಮಲ್ಲಿ. ಅದಾದ್ಮೇಲೆ ಯಾರೂ ಮಡಗ್ಲಿಲ್ಲ ಕಣವ್ವ. ವಯಸ್ಸಾಯ್ತಾ ಆಯ್ತಾ ಎಲ್ರೂ ಕಾಲು ಮುಟ್ತಾರೆ, ತಲೆ ಯಾರೂ ಮುಟ್ಟಲ್ಲ."

ದೊಡ್ಡ ಮಿಸ್ಸು ಅವತ್ತು ಹಸ್ತಮಸ್ತಕ ಸಂಯೋಗ, ಹಸ್ತಮಸ್ತಕ ಸಂಯೋಗ ಎಂದು ಸಿಹಿ ಚಪ್ಪರಿಸುವಂತೆ ನಾಲ್ಕು ಸಲ ಹೇಳಿಕೊಂಡು ಲೂನಾ ಹತ್ತಿದರು. ಆಮೇಲಿಂದ ರಾಗಿ ಬೀಸಿಸಲು ಬಂದಾಗಲೆಲ್ಲ ಇಬ್ಬರೂ ಜಗಲಿಯಲ್ಲಿ ಕೂತು ಗುರು, ದೀಕ್ಷೆ, ಅಪೊಸ್ತಲರು ಎಂದು ಮಾತಾಡುತ್ತಿದ್ದರು. ಅಪೊಸ್ತಲರು ಎಂಬ ಪದ ಅಪ್ಪನ ಬಾಯಲ್ಲಿ ಎಂದೂ ತಿರುಗಲಿಲ್ಲ, ಅಪ್ಪೋಸ್ಲಯ್ಯಗಳು ಎನ್ನುತ್ತಿದ್ದರು.

ಹೊಸ ಶತಮಾನ ಬಂತು. ಕಂಪ್ಯೂಟರುಗಳು ಶಾಲೆಗೆ ಬಂದು ಬಟ್ಟೆ ಹೊದ್ದು ಕೂತವು. ದೊಡ್ಡ ಮಿಸ್ಸಿನ ತಲೆ ನಮ್ಮೂರ ಗಿರಣಿಯ ಸಹಾಯವಿಲ್ಲದೆಯೇ ಬೆಳ್ಳಗಾಯಿತು. ಆಗ ಹೊಸದಾಗಿ ಬಂದ ಬಿಷಪ್ಪರು ಇವರ ಹೆಸರನ್ನು ತಾವಾಗಿಯೇ ಕಮಿಟಿಯ ಮುಂದಿಟ್ಟರು. ಕುಣಿಗಲ್ ಮೇಷ್ಟ್ರು ವಿರೋಧಿಸಿದರು. ಯಾರ ಮೇಲೂ ಆತುರದಿಂದ ಕೈ ಇಡಬಾರದು ಎಂದು ಹಿಂದಿನವರೇ ಎಚ್ಚರಿಸಿದ್ದಾರೆ ಎಂದರಂತೆ. ಅಲ್ಲಿಗೆ ಕರೆಸಿದ್ದ ದೊಡ್ಡ ಮಿಸ್ಸು ಅದಕ್ಕೆ ಎದ್ದು ನಿಂತು, ಇಷ್ಟು ಕಾಲ ಕಾದದ್ದೂ ಆತುರ ಅನ್ನಿಸಿದ್ದರೆ ಇನ್ನೂ ಕಾಯೋಣ, ಆದರೆ ನೆರೆಯೋಕೆ ನನ್ನ ತಲೆಯಲ್ಲಿ ಇನ್ನು ಕಪ್ಪು ಕೂದಲು ಉಳಿದಿಲ್ಲ ಎಂದರಂತೆ. ಕಮಿಟಿ ನಕ್ಕಿತು. ನಕ್ಕು, ವಿಷಯವನ್ನು ಮುಂದಕ್ಕೆ ಹಾಕಿತು.

ಇದನ್ನು ನನಗೆ ಹೇಳುವಾಗಲೂ ಅವರು ನಗುತ್ತಿದ್ದರು. ಬೇಸರವಿಲ್ಲವೇ ಎಂದೆ. ಇಲ್ಲ ಎಂದರು. ನಾನು ನಂಬಿದೆ.

ಅದು ಪೂರ್ತಿ ನಿಜವಲ್ಲ ಎಂದು ಗೊತ್ತಾದದ್ದು ಹೆಬ್ಬೂರಿನಲ್ಲಿ. ಕುಣಿಗಲ್ ಮೇಷ್ಟ್ರ ಅಕ್ಕ ಮದುವೆಯಾಗಿ ಸೇರಿದ ಊರು ಅದು. ಹಣ್ಣು ಹಣ್ಣು ಮುದುಕಿ, ಎಲ್ಲರಿಗೂ ಅಜ್ಜಿ. ಆಕೆ ಹಾಸಿಗೆ ಹಿಡಿದ ಮೇಲೆ ದೊಡ್ಡ ಮಿಸ್ಸು ವಾರವಾರ ಹೋಗಿ ತಲೆ ಬಾಚಿ, ಹಾಡು ಹೇಳಿ, ಗಂಜಿ ಕುಡಿಸಿ ಬರುತ್ತಿದ್ದರು. ಕೆಲವು ಸಲ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಭಾನುವಾರ ನಾವು ಹೋದಾಗ ಅಜ್ಜಿಗೆ ಉಸಿರು ಮೇಲಾಗಿತ್ತು. ಮೇಷ್ಟ್ರೂ ಬಂದು ಬಾಗಿಲ ಬಳಿ ನಿಂತಿದ್ದರು. ಅಜ್ಜಿ ಕರ್ತನ ಭೋಜನ ಬೇಕೆಂದರು, ಅಂದರೆ ಪ್ರಾರ್ಥನೆ ಮಾಡಿ ಕೊಡುವ ರೊಟ್ಟಿ ಮತ್ತು ದ್ರಾಕ್ಷಾರಸ. ಅದನ್ನು ಕೊಡುವ ಅಧಿಕಾರ ಹಸ್ತಾರ್ಪಣೆಯಾದ ಅಯ್ಯನವರಿಗೆ ಮಾತ್ರ. ಅಯ್ಯನವರು ಬೆಂಗಳೂರಿಗೆ ಹೋಗಿದ್ದರು, ಫೋನು ಮಾಡಿದರೂ ಸಂಜೆಯೊಳಗೆ ಬರುವಂತಿರಲಿಲ್ಲ.

"ಅವ್ರು ಯಾಕೆ, ಈ ಮಗಳೇ ಕೊಡ್ಲಿ" ಎಂದರು ಅಜ್ಜಿ, ದೊಡ್ಡ ಮಿಸ್ಸಿನ ಕೈ ಹಿಡಿದುಕೊಂಡು.

"ನಂಗೆ ಅಧಿಕಾರ ಇಲ್ಲ ಅಜ್ಜಿ."

ಅವರು ಬಾಗಿಲ ಕಡೆ ನೋಡಲಿಲ್ಲ. ನಾನು ನೋಡಿದೆ. ಮೇಷ್ಟ್ರು ಚೌಕಟ್ಟು ಹಿಡಿದು ನೆಲ ನೋಡುತ್ತಿದ್ದರು. ಅವರು ಒಂದು ಮಾತು ಹೇಳಿದ್ದರೆ ದೊಡ್ಡ ಮಿಸ್ಸು ಕೊಟ್ಟುಬಿಡುತ್ತಿದ್ದರೇನೋ. ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ದೊಡ್ಡ ಮಿಸ್ಸು ಅಜ್ಜಿಯ ತಲೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲನೆ ಹಾಡು ಹೇಳುತ್ತಾ ಕೂತರು. ಅಯ್ಯನವರು ಬರುವ ಮೊದಲೇ ಅಜ್ಜಿ ಹೋದರು. ಬಸ್‌ಸ್ಟಾಪಿನಲ್ಲಿ ನಿಂತಾಗ ದೊಡ್ಡ ಮಿಸ್ಸು ಅತ್ತರು. ನಾನು ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ನಿಲುವಂಗಿ ಬೇಡ ಕಣಮ್ಮ, ಒಂದು ಚೂರು ರೊಟ್ಟಿ ಕೊಡೋ ಹಾಗಿದ್ದಿದ್ದರೆ ಸಾಕಾಗಿತ್ತು ಎಂದರು.

ಮುಂದಿನ ಕಮಿಟಿಯಲ್ಲಿ ಆ ಹೆಸರನ್ನು ಮತ್ತೆ ಎತ್ತಿದವರು ಬಿಷಪ್ಪರಲ್ಲ, ಕುಣಿಗಲ್ ಮೇಷ್ಟ್ರು. ಭಾಷಣ ಮಾಡಲಿಲ್ಲವಂತೆ. ಎದ್ದು ನಿಂತು, ಹಿಂದೆ ನಾನು ಹೇಳಿದ್ದನ್ನು ವಾಪಸು ತಗೊಂಡಿದೀನಿ ಎಂದು ಹೇಳಿ ಕೂತರಂತೆ. ಅವರೇ ತಗೊಂಡ ಮೇಲೆ ಉಳಿದವರಿಗೆ ಹಿಡಿದುಕೊಳ್ಳುವುದಕ್ಕೆ ಏನೂ ಇರಲಿಲ್ಲ.

ಹಸ್ತಾರ್ಪಣೆ ತುಮಕೂರಿನಲ್ಲಿ. ಗುಬ್ಬಿಯಿಂದ ಒಂದು ಬಸ್ಸಿಗಾಗುವಷ್ಟು ಜನ ಹೊರಟೆವು. ಹಾಸ್ಟೆಲಿನ ಹುಡುಗಿಯರು, ಅಡುಗೆಯವರು, ನಿಟ್ಟೂರಿನ ಗಿರಣಿಯ ಸಾಬರು, ವಿಭೂತಿ ಹಚ್ಚಿಕೊಂಡು ಪೇಟ ಸುತ್ತಿದ ನಮ್ಮಪ್ಪ. ದಾರಿಯುದ್ದಕ್ಕೂ ಒಂದೇ ಚರ್ಚೆ, ಇನ್ನು ಮುಂದೆ ಇವರನ್ನು ಏನೆಂದು ಕರೆಯುವುದು. ಅಯ್ಯನವರು ಎನ್ನಲು ಹೆಂಗಸು. ಅಮ್ಮನವರು ಎಂದರೆ ಪಾದ್ರಿಯ ಹೆಂಡತಿ. ದೊಡ್ಡ ಮಿಸ್ಸು ಎಂಬುದೇ ಇರಲಿ ಎಂದು ಹುಡುಗಿಯರು ತೀರ್ಮಾನ ಕೊಟ್ಟರು.

ಚರ್ಚಿನಲ್ಲಿ ನಮಗೆ ಹಿಂದಿನ ಬೆಂಚು ಸಿಕ್ಕಿತು. ಬಿಳಿ ನಿಲುವಂಗಿಯಲ್ಲಿ ಅವರು ಮಂಡಿಯೂರಿದರು. ಬಿಷಪ್ಪರು ಕೈ ಇಟ್ಟರು, ಸುತ್ತ ನಿಂತ ಪಾದ್ರಿಗಳು ಒಬ್ಬರ ಭುಜದ ಮೇಲಿಂದ ಒಬ್ಬರು ಬಾಗಿ ಕೈ ಚಾಚಿದರು. ನಮಗೆ ಅವರು ಕಾಣಲೇ ಇಲ್ಲ. ಕೈಗಳ ಒಂದು ರಾಶಿ ಕಂಡಿತು. ಅಪ್ಪ ಬೆಂಚಿನ ಮೇಲೆ ಹತ್ತಿ ನೋಡಲು ಹೊರಟರು, ನಾನು ಪಂಚೆ ಹಿಡಿದು ಎಳೆದು ಕೂರಿಸಿದೆ.

ಎಲ್ಲ ಮುಗಿದು ಅಂಗಳಕ್ಕೆ ಬಂದಾಗ ನಮ್ಮವರೆಲ್ಲ ಅವರನ್ನು ಮುತ್ತಿಕೊಂಡು ಕಾಲಿಗೆ ಬೀಳಲು ಹೊರಟರು. ಅವರು ಒಪ್ಪಲಿಲ್ಲ. ಮರದ ಕೆಳಗಿನ ಕಟ್ಟೆಯ ಮೇಲೆ ಕೂತು, "ಒಳಗೆ ಅಯ್ನೋರ್ಗಳು ಇಟ್ರು. ಇಷ್ಟು ವರ್ಷ ನನ್ನ ಸಾಕಿದ್ದು ನೀವು. ನೀವೂ ಇಡಿ" ಎಂದರು. ಯಾರೂ ಮುಂದೆ ಬರಲಿಲ್ಲ. ದೊಡ್ಡವರ ತಲೆಯನ್ನು ಚಿಕ್ಕವರು ಮುಟ್ಟುವುದು ನಮ್ಮಲ್ಲಿಲ್ಲ. ಅಪ್ಪ ವಯಸ್ಸಿನ ಬಲದ ಮೇಲೆ ಮೊದಲು ಹೋಗಿ ಕೈ ಇಟ್ಟರು, ಒಳ್ಳೇದಾಗ್ಲಿ ಕಣವ್ವ ಎಂದರು. ಆಮೇಲೆ ಗಿರಣಿಯ ಸಾಬರು, ಅಡುಗೆಯವರು, ಹುಡುಗಿಯರು. ನನ್ನ ಸರದಿ ಬಂದಾಗ ನನಗೆ ಪ್ರಾರ್ಥನೆ ಗೊತ್ತಿರಲಿಲ್ಲ. ಬಿಸಿಲಿಗೆ ಅವರ ನೆತ್ತಿ ಬೆಚ್ಚಗಿತ್ತು. ಅಷ್ಟರಲ್ಲಿ ಎಷ್ಟೋ ಕೈಗಳು ಬಂದು ಹೋಗಿ ಬೈತಲೆ ಪೂರ್ತಿ ಕೆದರಿತ್ತು. ಅವರು ಕಣ್ಣು ಮುಚ್ಚಿ ನಗುತ್ತಿದ್ದರು.

ಜನ ಒಂದಿಷ್ಟು ಸರಿದು ದಾರಿ ಬಿಟ್ಟದ್ದು ಕಂಡು ತಿರುಗಿ ನೋಡಿದರೆ ಕುಣಿಗಲ್ ಮೇಷ್ಟ್ರು. ಕಪ್ಪು ಕೋಟು, ಕೈಯಲ್ಲಿ ಕೋಲು. ಅವರನ್ನು ಅಲ್ಲಿ ನಿರೀಕ್ಷಿಸಿದ್ದವರು ಯಾರೂ ಇರಲಿಲ್ಲ. ಕ್ಯೂನಲ್ಲಿ ನಿಂತು ಬಂದಿದ್ದರು ಎಂದು ಆಮೇಲೆ ಹುಡುಗಿಯರು ಹೇಳಿದರು.

"ನನ್ ಕೈ ಆಯ್ತದೇನಮ್ಮ?" ಎಂದರು.

"ಬನ್ನಿ ಮೇಷ್ಟ್ರೇ."

ಅವರು ಕೋಲನ್ನು ನಮ್ಮಪ್ಪನ ಕೈಗೆ ಕೊಟ್ಟರು. ಎರಡೂ ಕೈಗಳನ್ನು ಆ ಕೆದರಿದ ತಲೆಯ ಮೇಲೆ ಇಟ್ಟರು. ಚರ್ಚಿನಲ್ಲಿ ಅವರು ಪ್ರಾರ್ಥನೆಗೆ ನಿಂತರೆ ಮಕ್ಕಳು ನಿದ್ದೆ ಮಾಡಿ ಏಳುತ್ತಿದ್ದರು, ಅಷ್ಟು ಉದ್ದ. ಅವತ್ತು ಮಾತ್ರ, "ಹೋಗಮ್ಮ, ಕೆಲ್ಸ ಮಾಡು" ಎಂದರು. ಅಷ್ಟೇ ಅವರ ಪ್ರಾರ್ಥನೆ. ಕೈ ತೆಗೆದ ಮೇಲೆ, ಎಲ್ಲಿಯ ಚರ್ಚಿಗೆ ಹಾಕ್ತಾರೋ ಗೊತ್ತಿಲ್ಲ, ನಾನಂತೂ ಕುಣಿಗಲ್ಲಿಗೇ ಕೇಳಿದೀನಿ ಎಂದು ತಮ್ಮ ಎಂದಿನ ಗಡಸು ದನಿಯಲ್ಲಿ ಹೇಳಿದರು. ದೊಡ್ಡ ಮಿಸ್ಸು ಅಂಗಳ ತುಂಬುವ ಹಾಗೆ ನಕ್ಕರು. ಮೇಷ್ಟ್ರ ಮುಖದಲ್ಲಿ ನಗುವಿಗೆ ಜಾಗ ಇದ್ದದ್ದು ನನಗೆ ಅವತ್ತೇ ಗೊತ್ತಾಯಿತು.

ವಾಪಸು ಗುಬ್ಬಿಗೆ ಬರುವಾಗ ಅವರೂ ನಮ್ಮ ಬಸ್ಸಿನಲ್ಲೇ ಬಂದರು, ನಿಲುವಂಗಿಯನ್ನು ಬಿಚ್ಚದೆ. ಕಂಡಕ್ಟರು ಹೊಸ ಹುಡುಗ. ಟಿಕೆಟ್ಟು ಹರಿಯುತ್ತ ಅವರನ್ನು ಎರಡು ಸಲ ನೋಡಿ, ತಡೆಯಲಾಗದೆ ಪಕ್ಕದಲ್ಲಿದ್ದ ಅಪ್ಪನನ್ನು ಕೇಳಿದ.

"ಯಜಮಾನ್ರೇ, ಹೆಂಗಸ್ರು ಪಾದ್ರಿ ಆಗ್ಬೌದಾ?"

"ಆಗ್ಬೌದಾ ಅಂತ ಏನ್ ಕೇಳ್ತೀಯ" ಎಂದರು ಅಪ್ಪ, "ಆಗವ್ರೆ, ನೋಡು."